ಓದುಗರ ಪ್ರಶ್ನೆ, ನಮ್ಮ ಉತ್ತರ: ಇ-ಮೇಲ್‌ನ ಒಳಬರಹ ನೋಡುವುದು ಹೇಗೆ?

ಪರದೆಯ ಮೇಲೆ ನಾವು ಓದುವ ಮೇಲ್ ಬೇರೆ, ಕಂಪ್ಯೂಟರಿಗೆ ಬಂದು ಬೀಳುವ ಮೇಲ್ ಬೇರೆ. ದಪ್ಪಕ್ಷರ, ಬಣ್ಣ, ಅಂತರ, ಕೊಂಡಿ ಇವೆಲ್ಲ ಸಾದಾ ಅಕ್ಷರಗಳ ಸಂಕೇತಗಳಾಗಿ ಒಳಗೆ ಕೂತಿರುತ್ತವೆ. ಆ ಒಳಬರಹವನ್ನು ನೋಡುವ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಕಚೇರಿಯಲ್ಲಿ ಔಟ್‌ಲುಕ್ ಬಳಸುತ್ತೇವೆ. ಕೆಲವರ ಮೇಲ್‌ನಲ್ಲಿ ಸಾಲುಗಳ ನಡುವೆ ವಿಪರೀತ ಅಂತರ ಇರುತ್ತದೆ. ಉತ್ತರ ಬರೆಯಲು ಕೂತರೆ ಅಕ್ಷರದ ಗಾತ್ರ ತಾನಾಗಿ ಬದಲಾಗುತ್ತದೆ. ಹಳೆಯ ವರ್ಡ್‌ಪರ್ಫೆಕ್ಟ್‌ನಲ್ಲಿ ‘ರಿವೀಲ್ ಕೋಡ್ಸ್’ ಒತ್ತಿದರೆ ಎಲ್ಲ ಸಂಕೇತಗಳೂ ಕಾಣುತ್ತಿದ್ದವು. ಮೇಲ್‌ಗೂ ಅಂಥದ್ದು ಇದೆಯೇ? (ಹುಬ್ಬಳ್ಳಿ)

ಒಂದೇ ಗುಂಡಿ ಒತ್ತಿ ನೋಡುವ ವ್ಯವಸ್ಥೆ ಇಲ್ಲ, ಆದರೆ ದಾರಿ ಇದೆ. ಆ ದಾರಿ ಮೇಲ್ ಯಾವ ರೂಪದಲ್ಲಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ರೂಪ ಯಾವುದೆಂದು ಗುರುತಿಸಿಕೊಳ್ಳಿ. ವಿಂಡೋಸ್‌ನ ಹಳೆಯ ಔಟ್‌ಲುಕ್‌ನಲ್ಲಿ ಮೇಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಪ್ರತ್ಯೇಕ ಕಿಟಕಿಯಲ್ಲಿ ತೆರೆಯಿರಿ. ಮೇಲಿನ ಶೀರ್ಷಿಕೆ ಪಟ್ಟಿಯಲ್ಲಿ ವಿಷಯದ ಪಕ್ಕದಲ್ಲೇ ‘ಎಚ್‌ಟಿಎಂಎಲ್’, ‘ಪ್ಲೇನ್ ಟೆಕ್ಸ್ಟ್’, ‘ರಿಚ್ ಟೆಕ್ಸ್ಟ್’ ಈ ಮೂರರಲ್ಲಿ ಒಂದು ಬರೆದಿರುತ್ತದೆ.

ಎಚ್‌ಟಿಎಂಎಲ್ (ಜಾಲಪುಟಗಳನ್ನು ಬರೆಯುವ ಸಂಕೇತಭಾಷೆ) ಆಗಿದ್ದರೆ ಮೇಲ್‌ನ ಒಡಲಲ್ಲಿ ಖಾಲಿ ಜಾಗದ ಮೇಲೆ ಬಲ ಕ್ಲಿಕ್ ಮಾಡಿ ‘ವ್ಯೂ ಸೋರ್ಸ್’ ಆರಿಸಿ. ಚಿತ್ರ ಅಥವಾ ಕೊಂಡಿಯ ಮೇಲೆ ಕ್ಲಿಕ್ ಮಾಡಿದರೆ ಬೇರೆ ಪಟ್ಟಿ ಬರುತ್ತದೆ, ಅಲ್ಲಿ ಈ ಆಯ್ಕೆ ಸಿಗುವುದಿಲ್ಲ. ಆರಿಸಿದೊಡನೆ ನೋಟ್‌ಪ್ಯಾಡ್‌ನಲ್ಲಿ ಇಡೀ ಸಂಕೇತ ತೆರೆದುಕೊಳ್ಳುತ್ತದೆ. ಶುರುವಿನಲ್ಲಿ ಕಾಣುವ ಉದ್ದನೆಯ ‘ಸ್ಟೈಲ್’ ಪಟ್ಟಿ ನೋಡಿ ಗಾಬರಿಯಾಗಬೇಡಿ. 2007ರ ಆವೃತ್ತಿಯಿಂದ ಔಟ್‌ಲುಕ್ ಮೇಲ್ ಬರೆಯುವುದಕ್ಕೂ ತೋರಿಸುವುದಕ್ಕೂ ವರ್ಡ್‌ನ ಯಂತ್ರವನ್ನೇ ಬಳಸುತ್ತಿದೆ, ಆ ಪಟ್ಟಿ ವರ್ಡ್ ಬರೆದದ್ದು. ನಿಮಗೆ ಬೇಕಾದ ಭಾಗ ‘ಬಾಡಿ’ ಎಂಬ ಗುರುತಿನ, ಅಂದರೆ ಟ್ಯಾಗ್‌ನ ಕೆಳಗಿದೆ. ಅಲ್ಲಿಗೆ ಹೋಗಲು ಕಂಟ್ರೋಲ್ + ಎಫ್ ಒತ್ತಿ ಮೇಲ್‌ನಲ್ಲಿರುವ ಯಾವುದಾದರೂ ಇಂಗ್ಲಿಷ್ ಪದ ಅಥವಾ ಅಂಕೆ ಹುಡುಕಿ. ಕನ್ನಡ ಪದ ಹುಡುಕಿದರೆ ಸಿಗದೇ ಹೋಗಬಹುದು, ಏಕೆಂದರೆ ಎಷ್ಟೋ ಸಲ ಕನ್ನಡ ಅಕ್ಷರಗಳು ಸಂಖ್ಯೆಯಾಗಿ ಬರೆದಿರುತ್ತವೆ. ಉದಾಹರಣೆಗೆ ‘ಕ’ ಅಲ್ಲಿ ಕ ಎಂದಿರುತ್ತದೆ.

ನಿಮ್ಮ ಅಂತರದ ತೊಂದರೆಯ ಮೂಲ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಔಟ್‌ಲುಕ್ ಪ್ರತಿ ಸಾಲನ್ನೂ ‘ಪಿ’ ಟ್ಯಾಗ್‌ನಲ್ಲಿ ಇಟ್ಟು, ಅದಕ್ಕೆ ‘ಎಂಎಸ್‌ಒ ನಾರ್ಮಲ್’ ಎಂಬ ವರ್ಗದ ಹೆಸರು ಕೊಡುತ್ತದೆ. ಆ ವರ್ಗಕ್ಕೆ ಅಂಚು ಸೊನ್ನೆ ಎಂದು ಮೇಲಿನ ಸ್ಟೈಲ್ ಪಟ್ಟಿಯಲ್ಲಿ ಬರೆದಿರುತ್ತದೆ. ಮೇಲ್ ನಾಲ್ಕಾರು ಕೈ ದಾಟುವಾಗ ನಡುವೆ ಯಾವುದೋ ತಂತ್ರಾಂಶ ಸ್ಟೈಲ್ ಪಟ್ಟಿಯನ್ನು ಕತ್ತರಿಸಿ ಹಾಕಿದರೆ ‘ಪಿ’ ಮಾತ್ರ ಉಳಿಯುತ್ತದೆ. ‘ಪಿ’ಗೆ ಮೇಲೆ-ಕೆಳಗೆ ಸುಮಾರು ಒಂದು ಸಾಲಿನಷ್ಟು ಜಾಗ ಬಿಡುವುದು ಬ್ರೌಸರ್‌ಗಳ ಹುಟ್ಟುಗುಣ. ಹಾಗಾಗಿ ಪ್ರತಿ ಸಾಲಿನ ನಂತರ ಒಂದು ಖಾಲಿ ಸಾಲು ಬಂದಂತೆ ಕಾಣುತ್ತದೆ. ಗಾತ್ರದ ಸಮಸ್ಯೆಗೆ ‘ಸ್ಪ್ಯಾನ್’ ಟ್ಯಾಗ್‌ಗಳ ಒಳಗಿನ ‘ಫಾಂಟ್-ಸೈಜ್’ ನೋಡಿ. ಹಳೆಯ ಸಂದೇಶ 11 ಪಾಯಿಂಟ್ ಎಂದು ಹೇಳಿದ್ದು, ನಿಮ್ಮ ಉತ್ತರದ ಸಾಲಿನಲ್ಲಿ ಏನೂ ಹೇಳದಿದ್ದರೆ, ಓದುವವರ ತಂತ್ರಾಂಶ ತನ್ನದೇ ಗಾತ್ರ ಹಾಕುತ್ತದೆ.

ಇನ್ನು ಶೀರ್ಷಿಕೆ ಪಟ್ಟಿಯಲ್ಲಿ ‘ರಿಚ್ ಟೆಕ್ಸ್ಟ್’ ಎಂದಿದ್ದರೆ ‘ವ್ಯೂ ಸೋರ್ಸ್’ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಎಚ್‌ಟಿಎಂಎಲ್ ಇರುವುದೇ ಇಲ್ಲ. ಅದರ ಬದಲು ‘ಫೈಲ್’, ‘ಸೇವ್ ಆ್ಯಸ್’ಗೆ ಹೋಗಿ ‘ರಿಚ್ ಟೆಕ್ಸ್ಟ್ ಫಾರ್ಮ್ಯಾಟ್’ (ಆರ್‌ಟಿಎಫ್) ಆರಿಸಿ ಉಳಿಸಿ. ಉಳಿಸಿದ ಕಡತವನ್ನು ವರ್ಡ್‌ನಲ್ಲಿ ತೆರೆದರೆ ಮತ್ತೆ ಅಲಂಕಾರವೇ ಕಾಣುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕಡತ ಒಂದು ಪುಷ್ಪಾವರಣ ({), ಹಿಂಬಾಗಿದ ಗೆರೆ (\), ಅದರ ಹಿಂದೆ ‘ಆರ್‌ಟಿಎಫ್1’ ಎಂದು ಶುರುವಾಗುತ್ತದೆ. ಇಲ್ಲಿ ಪ್ರತಿ ಸಂಕೇತಕ್ಕೂ ಹಿಂಬಾಗಿದ ಗೆರೆಯೇ ಮುನ್ಸೂಚನೆ. ‘ಬಿ’ ಬಂದರೆ ದಪ್ಪಕ್ಷರ ಶುರು, ‘ಬಿ0’ ಬಂದರೆ ಮುಗಿಯಿತು. ‘ಐ’ ಓರೆ ಅಕ್ಷರ, ‘ಯುಎಲ್’ ಅಡಿಗೆರೆ, ‘ಪಾರ್’ ಪ್ಯಾರಾ ಮುಗಿದ ಗುರುತು. ‘ಎಫ್‌ಎಸ್22’ ಎಂದರೆ 22 ಪಾಯಿಂಟ್ ಅಲ್ಲ, 11 ಪಾಯಿಂಟ್. ಆರ್‌ಟಿಎಫ್ ಗಾತ್ರವನ್ನು ಅರ್ಧ ಪಾಯಿಂಟ್‌ಗಳಲ್ಲಿ ಎಣಿಸುತ್ತದೆ, ಹೊಸಬರು ಎಡವುವ ಜಾಗ ಇದು. ‘ಎಫ್0’, ‘ಎಫ್1’ ಎಂಬುವು ಕಡತದ ಆರಂಭದಲ್ಲಿರುವ ಫಾಂಟ್ ಪಟ್ಟಿಯ ಕ್ರಮಸಂಖ್ಯೆಗಳು, ‘ಸಿಎಫ್’ ಬಣ್ಣದ ಪಟ್ಟಿಯದು. ಕನ್ನಡದ ‘ಕ’ ಇಲ್ಲಿ ‘ಯು3221’ ಆಗಿ, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆಯೊಂದಿಗೆ ಕಾಣಬಹುದು. ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ತಿಳಿಯದ ಹಳೆಯ ತಂತ್ರಾಂಶ ತೋರಿಸಲೆಂದು ಇಟ್ಟ ಬದಲಿ ಅಕ್ಷರ ಆ ಪ್ರಶ್ನೆಚಿಹ್ನೆ. ಅದು ದೋಷವಲ್ಲ.

ಇದಕ್ಕಿಂತ ಆಳಕ್ಕೆ ಇಳಿಯಬೇಕಾದರೆ ಮೇಲ್ ಪೆಟ್ಟಿಗೆಯ ಒಳವಿವರಗಳನ್ನು ತೋರಿಸುವ, ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ಎಂಎಫ್‌ಸಿಮ್ಯಾಪಿ’ ಇದೆ. ನಿಮ್ಮ ಔಟ್‌ಲುಕ್ 32 ಬಿಟ್ ಆದರೆ ಇದೂ 32 ಬಿಟ್, 64 ಆದರೆ 64 ಆಗಿರಬೇಕು, ಇಲ್ಲದಿದ್ದರೆ ಲಾಗಿನ್ ಆಗುವುದೇ ಇಲ್ಲ. ಅದರಲ್ಲಿ ಮೇಲ್‌ನ ಗುಣಗಳ ಪಟ್ಟಿ ತೆರೆದು 1009 ಎಂಬ ಹೆಕ್ಸಾಡೆಸಿಮಲ್ (16ರ ಆಧಾರದ ಎಣಿಕೆಯ) ಗುರುತಿನ ಗುಣ ಹುಡುಕಿ. ಆರ್‌ಟಿಎಫ್ ಅಲ್ಲಿ ಕುಗ್ಗಿಸಿದ ರೂಪದಲ್ಲಿ ಇರುತ್ತದೆ. ಬಿಚ್ಚಿ ನೋಡಿದಾಗ ಮೊದಲ ಸಾಲಿನಲ್ಲಿ ‘ಫ್ರಮ್‌ಎಚ್‌ಟಿಎಂಎಲ್1’ ಎಂದಿದ್ದರೆ ಆ ಮೇಲ್ ಹುಟ್ಟಿದ್ದು ಎಚ್‌ಟಿಎಂಎಲ್ ಆಗಿ, ಆಮೇಲೆ ಆರ್‌ಟಿಎಫ್ ಹೊದಿಕೆ ಹಾಕಲಾಗಿದೆ ಎಂದರ್ಥ. ಈ ತಂತ್ರಾಂಶ ನೋಡುವುದಕ್ಕಷ್ಟೇ ಅಲ್ಲ, ತಿದ್ದುವುದಕ್ಕೂ ಬಿಡುತ್ತದೆ. ಏನನ್ನೂ ಬದಲಿಸದೆ ಹೊರಬನ್ನಿ.

ಬೇರೆ ತಂತ್ರಾಂಶಗಳಲ್ಲಿ ಕೆಲಸ ಇಷ್ಟು ಕಷ್ಟವಿಲ್ಲ. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ + ಯು. ಮ್ಯಾಕ್‌ನ ಮೇಲ್‌ನಲ್ಲಿ ಆಪ್ಷನ್ + ಕಮಾಂಡ್ + ಯು, ಅಥವಾ ‘ವ್ಯೂ’, ‘ಮೆಸೇಜ್’, ‘ರಾ ಸೋರ್ಸ್’. ಜಿಮೇಲ್‌ನಲ್ಲಿ ಮೇಲ್‌ನ ಬಲ ಮೂಲೆಯ ಮೂರು ಚುಕ್ಕೆಯಲ್ಲಿ ‘ಶೋ ಒರಿಜಿನಲ್’. ಯಾಹೂದಲ್ಲಿ ‘ವ್ಯೂ ರಾ ಮೆಸೇಜ್’. ಹೊಸ ಔಟ್‌ಲುಕ್ ಮತ್ತು ವೆಬ್ ಔಟ್‌ಲುಕ್‌ನಲ್ಲಿ ಮೂರು ಚುಕ್ಕೆ, ‘ವ್ಯೂ’, ಆಮೇಲೆ ‘ವ್ಯೂ ಮೆಸೇಜ್ ಸೋರ್ಸ್’. ಒಂದು ಮುಖ್ಯ ವ್ಯತ್ಯಾಸ ಗಮನಿಸಿ. ಇವು ಮೇಲ್ ಅನ್ನು ತಲೆಬರಹದಿಂದ (ಯಾರಿಂದ, ಯಾವ ದಾರಿಯಲ್ಲಿ ಬಂತೆಂಬ ಸಾಲುಗಳು) ಕೊನೆಯ ಸಾಲಿನವರೆಗೆ ತೋರಿಸುತ್ತವೆ. ಹಳೆಯ ಔಟ್‌ಲುಕ್‌ನ ‘ವ್ಯೂ ಸೋರ್ಸ್’ ತಾನು ಬಿಡಿಸಿ ಇಟ್ಟುಕೊಂಡ ಎಚ್‌ಟಿಎಂಎಲ್ ಭಾಗವನ್ನು ಮಾತ್ರ ತೋರಿಸುತ್ತದೆ. ತಲೆಬರಹಕ್ಕೆ ‘ಫೈಲ್’, ‘ಪ್ರಾಪರ್ಟೀಸ್’ಗೆ ಹೋಗಿ ‘ಇಂಟರ್ನೆಟ್ ಹೆಡರ್ಸ್’ ಪೆಟ್ಟಿಗೆಯಲ್ಲಿ ನೋಡಬೇಕು.

ಪ್ರಶ್ನೆ: ನಮ್ಮ ಲೆಕ್ಕಪರಿಶೋಧಕರು ಕಳಿಸುವ ಪಿಡಿಎಫ್ ಬದಲು ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬ ಕಡತ ಬರುತ್ತದೆ. ಹೆಸರು ಬದಲಿಸಿದರೂ ತೆರೆಯುವುದಿಲ್ಲ. ವೈರಸ್ ಇರಬಹುದೇ? (ಮಂಗಳೂರು)

ಹೆಸರು ನೋಡಿ ವೈರಸ್ ಎಂದುಕೊಳ್ಳಬೇಕಿಲ್ಲ. ಮೇಲೆ ಹೇಳಿದ ‘ರಿಚ್ ಟೆಕ್ಸ್ಟ್’ ರೂಪ ಔಟ್‌ಲುಕ್ ಲೋಕದ ಹೊರಗೆ ಬಂದಾಗ ಹೀಗಾಗುತ್ತದೆ. ಔಟ್‌ಲುಕ್ ತನ್ನ ಅಲಂಕಾರವನ್ನೂ ಲಗತ್ತುಗಳನ್ನೂ ‘ಟಿನೆಫ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸುತ್ತದೆ. ಬಿಚ್ಚಲು ತಿಳಿಯದ ತಂತ್ರಾಂಶ ಆ ಗಂಟನ್ನು ಹಾಗೆಯೇ ತೋರಿಸುತ್ತದೆ. ಹೆಸರು ಬದಲಿಸಿದರೆ ಒಳಗಿನ ಕಟ್ಟು ಬದಲಾಗುವುದಿಲ್ಲ. ಒಳಬರಹ ನೋಡಿದರೆ ‘ಕಂಟೆಂಟ್-ಟೈಪ್’ ಸಾಲಿನಲ್ಲಿ ‘ಅಪ್ಲಿಕೇಶನ್/ಎಂಎಸ್-ಟಿನೆಫ್’ ಎಂದಿರುತ್ತದೆ, ಅದೇ ಖಚಿತ ಗುರುತು.

ಬಿಚ್ಚಲು ಲಿನಕ್ಸ್‌ನಲ್ಲಿ ‘ಟಿನೆಫ್’ ಅಥವಾ ‘ವೈಟಿನೆಫ್’ ಎಂಬ ಆಜ್ಞಾಸಾಲಿನ ಉಪಕರಣಗಳಿವೆ. ಲೆಕ್ಕಪತ್ರದಂಥ ಕಡತವನ್ನು ಬಿಚ್ಚಲೆಂದು ಅಪರಿಚಿತ ಜಾಲತಾಣಕ್ಕೆ ಏರಿಸುವುದು ಬೇಡ. ನಿಜವಾದ ಪರಿಹಾರ ಕಳಿಸುವವರ ಕಡೆ ಇದೆ. ಅವರ ಔಟ್‌ಲುಕ್‌ನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಮೇಲ್’ಗೆ ಹೋಗಿ ಕೆಳಗೆ ‘ಮೆಸೇಜ್ ಫಾರ್ಮ್ಯಾಟ್’ ಭಾಗದಲ್ಲಿ, ಇಂಟರ್ನೆಟ್ ವಿಳಾಸಗಳಿಗೆ ರಿಚ್ ಟೆಕ್ಸ್ಟ್ ಕಳಿಸುವಾಗ ಏನು ಮಾಡಬೇಕು ಎಂಬಲ್ಲಿ ‘ಕನ್ವರ್ಟ್ ಟು ಎಚ್‌ಟಿಎಂಎಲ್’ ಆರಿಸಬೇಕು. ಹೀಗೆ ಮಾಡಿದ ಮೇಲೂ ನಿಮ್ಮೊಬ್ಬರಿಗೆ ಮಾತ್ರ ಗಂಟು ಬರುತ್ತಿದ್ದರೆ, ಅವರ ಸಂಪರ್ಕ ಪಟ್ಟಿಯಲ್ಲಿ ನಿಮ್ಮ ವಿಳಾಸಕ್ಕೆ ಪ್ರತ್ಯೇಕವಾಗಿ ‘ರಿಚ್ ಟೆಕ್ಸ್ಟ್’ ಎಂದು ನಮೂದಾಗಿರುತ್ತದೆ. ಆ ನಮೂದನ್ನು ತಿದ್ದಬೇಕು. ವಿಳಾಸ ಟೈಪಿಸುವಾಗ ಕೆಳಗಿಳಿಯುವ ಹಳೆಯ ಸಲಹೆಯನ್ನು ಅಳಿಸಿ, ವಿಳಾಸವನ್ನು ಪೂರ್ತಿ ಹೊಸದಾಗಿ ಬರೆಯಬೇಕು. ಇಡೀ ಸಂಸ್ಥೆಯಿಂದ ಹೀಗೆ ಬರುತ್ತಿದ್ದರೆ ಅವರ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ನಿರ್ವಾಹಕರು ಹೊರ ಡೊಮೈನ್‌ಗಳಿಗೆ ಟಿನೆಫ್ ಕಳಿಸದಂತೆ ಒಮ್ಮೆಲೇ ನಿಲ್ಲಿಸಬಹುದು.

ಪ್ರಶ್ನೆ: ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿದೆ. ಕನ್ನಡದ ಒಂದಕ್ಷರವೂ ಇಲ್ಲ, ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ಮೇಲ್ ಮಾತ್ರ ಸರಿಯಾಗಿಯೇ ಕಾಣುತ್ತದೆ. ಇದನ್ನು ಓದುವುದು ಹೇಗೆ? (ಶಿವಮೊಗ್ಗ)

ಇ-ಮೇಲ್‌ನ ಮೂಲ ನಿಯಮಗಳು ಏಳು ಬಿಟ್‌ಗಳ ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ್ದವು. ಬೇರೆ ಲಿಪಿ, ಚಿತ್ರ, ಅಲಂಕಾರಗಳಿಗೆ ದಾರಿ ಮಾಡಿಕೊಟ್ಟದ್ದು 1992ರಲ್ಲಿ ಬಂದು 1996ರಲ್ಲಿ ಪರಿಷ್ಕೃತವಾದ ‘ಮೈಮ್’ ನಿಯಮಾವಳಿ. ಕನ್ನಡವನ್ನು ಆ ಹಳೆಯ ಅಕ್ಷರಗಳ ವೇಷದಲ್ಲಿ ಸಾಗಿಸಲು ಅದರಲ್ಲಿ ಎರಡು ವಿಧಾನಗಳಿವೆ. ಯಾವುದು ಬಳಕೆಯಾಗಿದೆ ಎಂದು ‘ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್’ ಎಂಬ ಸಾಲು ಹೇಳುತ್ತದೆ.

‘ಕೋಟೆಡ್-ಪ್ರಿಂಟೆಬಲ್’ ಎಂದಿದ್ದರೆ ಇಂಗ್ಲಿಷ್ ಹಾಗೆಯೇ ಉಳಿದು, ಕನ್ನಡದ ಪ್ರತಿ ಬೈಟ್ ಸಮಚಿಹ್ನೆ ಹಿಡಿದು ಬರುತ್ತದೆ. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲಾಕ್ಷರ ಅಥವಾ ಕಾಗುಣಿತದ ಗುರುತು) ಮೂರು ಬೈಟ್. ‘ಕ’ ಎಂಬುದು =ಇ0=ಬಿ2=95 ಆಗುತ್ತದೆ, ಅಂದರೆ ಒಂಬತ್ತು ಅಕ್ಷರ. ಸಾಲು 76 ಅಕ್ಷರ ಮೀರಬಾರದೆಂಬ ನಿಯಮ ಇರುವುದರಿಂದ ಸಾಲಿನ ಕೊನೆಯಲ್ಲಿ ಒಂಟಿ ಸಮಚಿಹ್ನೆ ಇಟ್ಟು ಮುರಿಯುತ್ತಾರೆ. ಆ ಸಮಚಿಹ್ನೆ ಬರಹದ ಭಾಗವಲ್ಲ. ನಿಜವಾದ ಸಮಚಿಹ್ನೆ ಬೇಕಾದಲ್ಲಿ =3ಡಿ ಎಂದಿರುತ್ತದೆ. ಎಚ್‌ಟಿಎಂಎಲ್ ಟ್ಯಾಗ್‌ಗಳ ಒಳಗೆಲ್ಲ ಈ 3ಡಿ ಕಾಣುವುದಕ್ಕೆ ಅದೇ ಕಾರಣ.

‘ಬೇಸ್64’ ಎಂದಿದ್ದರೆ ಎಲ್ಲವೂ ರಾಶಿಯೇ, ಇಂಗ್ಲಿಷ್ ಕೂಡ ಓದಲು ಬರುವುದಿಲ್ಲ. ಇಲ್ಲಿ ಮೂರು ಬೈಟ್ ನಾಲ್ಕು ಅಕ್ಷರವಾಗುತ್ತದೆ. ಕನ್ನಡದ ಸಂಕೇತ ಸರಿಯಾಗಿ ಮೂರು ಬೈಟ್ ಆದ್ದರಿಂದ ಒಂದು ಚೆಂದದ ಗುರುತು ಸಿಗುತ್ತದೆ. ಕನ್ನಡದಿಂದಲೇ ಶುರುವಾಗುವ ಬರಹದಲ್ಲಿ ನಾಲ್ಕು ನಾಲ್ಕು ಅಕ್ಷರಗಳ ಗುಂಪು ಮಾಡಿ ನೋಡಿ, ಪ್ರತಿ ಗುಂಪೂ ‘4-ಎಲ್-ಕೆ’ ಅಥವಾ ‘4-ಎಲ್-ಓ’ ಎಂದೇ ಆರಂಭವಾಗುತ್ತದೆ. ಖಾಲಿ ಜಾಗ ಬಂದೊಡನೆ ಜೋಡಣೆ ಒಂದು ಬೈಟ್ ಸರಿದು ಈ ಗುರುತು ಕೆಡುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ, ನ, ಡ ಸೇರಿ ಐದು ಸಂಕೇತ. ಬೇಸ್64ರಲ್ಲಿ ಅದು 20 ಅಕ್ಷರ, ಕೋಟೆಡ್-ಪ್ರಿಂಟೆಬಲ್‌ನಲ್ಲಿ 45. ಕನ್ನಡಕ್ಕೆ ಬೇಸ್64 ಮಿತವ್ಯಯ ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಬಿಡಿಸಲು ಸುಲಭದ ದಾರಿ: ‘ಡೌನ್‌ಲೋಡ್ ಒರಿಜಿನಲ್’ ಒತ್ತಿ, ಬಂದ ‘ಇಎಂಎಲ್’ ಕಡತವನ್ನು ಥಂಡರ್‌ಬರ್ಡ್‌ನಲ್ಲಿ ತೆರೆಯಿರಿ. ‘ವ್ಯೂ’, ‘ಮೆಸೇಜ್ ಬಾಡಿ ಆ್ಯಸ್’ನಲ್ಲಿ ‘ಪ್ಲೇನ್ ಟೆಕ್ಸ್ಟ್’ ಮತ್ತು ‘ಒರಿಜಿನಲ್ ಎಚ್‌ಟಿಎಂಎಲ್’ ಬದಲಿಸಿ ನೋಡಿ. ಹೆಚ್ಚಿನ ಮೇಲ್‌ಗಳಲ್ಲಿ ಒಂದೇ ಬರಹ ಸಾದಾ ರೂಪದಲ್ಲಿ ಒಮ್ಮೆ, ಎಚ್‌ಟಿಎಂಎಲ್ ರೂಪದಲ್ಲಿ ಇನ್ನೊಮ್ಮೆ ಇರುತ್ತದೆ. ಸಾದಾ ರೂಪ ಮೊದಲು, ಶ್ರೀಮಂತ ರೂಪ ಕೊನೆಗೆ. ಓದುವ ತಂತ್ರಾಂಶ ತನಗೆ ತಿಳಿಯುವ ಕೊನೆಯ ರೂಪವನ್ನು ಆರಿಸಿಕೊಳ್ಳುತ್ತದೆ. ಇಬ್ಬರಿಗೆ ಒಂದೇ ಮೇಲ್ ಬೇರೆ ಬೇರೆಯಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಬೇಸ್64 ಭಾಗವನ್ನಷ್ಟೇ ಬಿಡಿಸಬೇಕಿದ್ದರೆ ಅದನ್ನು ಪ್ರತ್ಯೇಕ ಕಡತದಲ್ಲಿ ಉಳಿಸಿ, ವಿಂಡೋಸ್‌ನ ‘ಸರ್ಟ್‌ಯುಟಿಲ್’ ಆಜ್ಞೆಯನ್ನು ‘ಡಿಕೋಡ್’ ಆಯ್ಕೆಯೊಂದಿಗೆ ಓಡಿಸಿದರೆ ಸಾಕು.

ವಿಷಯದ ಸಾಲಿನ ಬಗ್ಗೆಯೂ ಒಂದು ಮಾತು. ಅಲ್ಲೂ ಕನ್ನಡ ಇದೇ ವೇಷದಲ್ಲಿ ತುಣುಕು ತುಣುಕಾಗಿ ಸಾಗುತ್ತದೆ, ಒಂದು ತುಣುಕು 75 ಅಕ್ಷರ ಮೀರುವಂತಿಲ್ಲ. ಮುಂದಿನ-ಹಿಂದಿನ ಗುರುತುಗಳಿಗೆ 12 ಹೋದರೆ ಉಳಿಯುವುದು 63. ಬೇಸ್64ರಲ್ಲಿ 15 ಕನ್ನಡ ಸಂಕೇತ ಹಿಡಿಯುತ್ತವೆ, ಇನ್ನೊಂದರಲ್ಲಿ 7 ಮಾತ್ರ. ತುಣುಕು ಅಕ್ಷರದ ನಡುವೆ ಮುರಿಯಬಾರದು ಎಂಬುದು ನಿಯಮ. ಅದನ್ನು ಪಾಲಿಸದ ತಂತ್ರಾಂಶದಿಂದ ಬಂದ ಮೇಲ್‌ನಲ್ಲೇ ವಿಷಯದ ಮಧ್ಯೆ ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ ಕಾಣುವುದು.

ಪ್ರಶ್ನೆ: ಹಳೆಯ ಕಚೇರಿ ಮೇಲ್‌ಗಳು ತೆರೆದರೆ ಕನ್ನಡದ ಬದಲು ಕಸದಂಥ ಅಕ್ಷರಗಳು. ಮರಳಿ ಪಡೆಯಬಹುದೇ? (ವಿಜಯಪುರ)

ಬಹುಪಾಲು ಪಡೆಯಬಹುದು. ಆದರೆ ಕಸದಲ್ಲಿ ಎರಡು ಜಾತಿ ಇದೆ, ಒಂದರ ಔಷಧ ಇನ್ನೊಂದಕ್ಕೆ ಹಿಡಿಯುವುದಿಲ್ಲ.

ತಲೆಯ ಮೇಲೆ ಓರೆಗೆರೆಯಿರುವ ಸಣ್ಣ ‘ಎ’, ಅದರ ಪಕ್ಕ ಮೇಲಕ್ಕೆತ್ತಿದ ಪುಟ್ಟ 2 ಅಥವಾ 3, ಈ ಜೋಡಿ ಪದೇ ಪದೇ ಬರುತ್ತಿದ್ದರೆ ಅದು ಯೂನಿಕೋಡ್ ಕನ್ನಡವೇ. ಯುಟಿಎಫ್-8 ಬೈಟ್‌ಗಳನ್ನು ಪಾಶ್ಚಾತ್ಯ ಭಾಷೆಗಳ ವಿಂಡೋಸ್-1252 ಎಂದು ತಪ್ಪಾಗಿ ಓದಲಾಗಿದೆ. ಒಳಬರಹದ ‘ಕಂಟೆಂಟ್-ಟೈಪ್’ ಸಾಲಿನಲ್ಲಿ ‘ಚಾರ್‌ಸೆಟ್’ (ಅಕ್ಷರಸಂಕೇತ ಕ್ರಮದ ಹೆಸರು) ಇಲ್ಲದಿರುತ್ತದೆ ಅಥವಾ ತಪ್ಪಾಗಿರುತ್ತದೆ. ಥಂಡರ್‌ಬರ್ಡ್‌ನ ‘ವ್ಯೂ’ ಪಟ್ಟಿಯಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಒತ್ತಿ ನೋಡಿ. ಆಗದಿದ್ದರೆ ಇಎಂಎಲ್ ಕಡತದ ನಕಲು ಮಾಡಿ, ನೋಟ್‌ಪ್ಯಾಡ್‌ನಲ್ಲಿ ಆ ಸಾಲಿನ ಚಾರ್‌ಸೆಟ್ ಅನ್ನು ಯುಟಿಎಫ್-8 ಎಂದು ತಿದ್ದಿ, ಉಳಿಸಿ, ಮತ್ತೆ ತೆರೆಯಿರಿ. ಮೂಲವನ್ನು ಮುಟ್ಟಬೇಡಿ.

ಎರಡನೆಯದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ್ದು. ಇದರಲ್ಲಿ ದೊಡ್ಡ ‘ಎ’ ಮೇಲೆ ಗೆರೆ, ಪೌಂಡ್ ಚಿಹ್ನೆ, ನಡುನಡುವೆ ಇಂಗ್ಲಿಷ್ ದೊಡ್ಡಕ್ಷರಗಳು ಕಾಣುತ್ತವೆ. ಕಡತದಲ್ಲಿ ಇರುವುದು ಲ್ಯಾಟಿನ್ ಅಕ್ಷರಗಳೇ. ಕನ್ನಡ ಕಾಣುತ್ತಿದ್ದದ್ದು ಫಾಂಟ್‌ನ ಬಲದಿಂದ. ಇಲ್ಲಿ ಅಲಂಕಾರದ ಸಂಕೇತವೇ ಭಾಷೆಯನ್ನು ಹೊತ್ತಿದೆ: ಒಳಬರಹದಲ್ಲಿ ‘ಫಾಂಟ್ ಫೇಸ್’ ಅಥವಾ ‘ಫಾಂಟ್-ಫ್ಯಾಮಿಲಿ’ ಪಕ್ಕ ‘ನುಡಿ 01 ಇ’, ‘ಬಿಆರ್‌ಎಚ್ ಕನ್ನಡ’ದಂಥ ಹೆಸರು ಹುಡುಕಿ. ಹೆಸರು ಸಿಕ್ಕರೆ ಯಾವ ಪರಿವರ್ತಕ ಬೇಕೆಂಬುದು ನಿರ್ಧಾರವಾಯಿತು. ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ಒಂದೇ ಮೇಲ್‌ನಲ್ಲಿ ಇಂಗ್ಲಿಷ್ ಸಾಲುಗಳೂ ಇದ್ದರೆ ಅವನ್ನು ಬಿಟ್ಟು, ಆ ಫಾಂಟ್ ಹೆಸರಿರುವ ಭಾಗವನ್ನಷ್ಟೇ ಪರಿವರ್ತಿಸಿ. ಇಲ್ಲದಿದ್ದರೆ ಇಂಗ್ಲಿಷ್ ಕೂಡ ಅರ್ಥವಿಲ್ಲದ ಕನ್ನಡವಾಗುತ್ತದೆ. ಇಂಥ ಮೇಲ್‌ಗಳನ್ನು ಯಾರಿಗೂ ‘ಪ್ಲೇನ್ ಟೆಕ್ಸ್ಟ್’ ಆಗಿ ಮುಂದೂಡಬೇಡಿ. ಫಾಂಟ್ ಹೆಸರು ಅಲ್ಲೇ ಅಳಿಸಿಹೋಗುತ್ತದೆ, ಆಮೇಲೆ ಬಂದವರು ಊಹೆಯಿಂದಲೇ ಹುಡುಕಬೇಕಾಗುತ್ತದೆ.

ಪ್ರಶ್ನೆ: ಮೊಬೈಲ್‌ನಲ್ಲೇ ಒಳಬರಹ ನೋಡಬಹುದೇ? (ಹಾಸನ)

ಜಿಮೇಲ್ ಆ್ಯಪ್‌ನಲ್ಲಿ ‘ಶೋ ಒರಿಜಿನಲ್’ ಇಲ್ಲ. ಫೋನಿನ ಬ್ರೌಸರ್‌ನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಆರಿಸಿ ಜಿಮೇಲ್ ತೆರೆದು ನೋಡಬಹುದು, ಆದರೆ ಸಣ್ಣ ಪರದೆಯಲ್ಲಿ ಇದು ಹಿಂಸೆ. ಕಂಪ್ಯೂಟರ್ ಸಿಗುವವರೆಗೆ ಮೇಲ್ ಅನ್ನು ಅಳಿಸದೆ ಇಟ್ಟುಕೊಳ್ಳಿ.

ಪ್ರಶ್ನೆ: ಬ್ಯಾಂಕಿನ ಹೆಸರಿನಲ್ಲಿ ಮೇಲ್ ಬಂದಿದೆ. ಒಳಬರಹ ನೋಡಿ ಅಸಲಿಯೋ ನಕಲಿಯೋ ತಿಳಿಯಬಹುದೇ? ಹಾಗೆ ನೋಡುವುದರಿಂದಲೇ ಅಪಾಯ ಇದೆಯೇ? (ಬಳ್ಳಾರಿ)

ನೋಡುವುದರಲ್ಲಿ ಅಪಾಯವಿಲ್ಲ. ಅಲ್ಲಿ ಎಲ್ಲವೂ ಬರೀ ಅಕ್ಷರ, ಏನೂ ಓಡುವುದಿಲ್ಲ, ಚಿತ್ರವೂ ಇಳಿಯುವುದಿಲ್ಲ. ಅದರೊಳಗಿನ ವಿಳಾಸವನ್ನು ನಕಲಿಸಿ ಬ್ರೌಸರ್‌ಗೆ ಹಾಕಬೇಡಿ, ಅಷ್ಟೆ.

ಮೊದಲು ‘ಎಚ್‌ರೆಫ್’ ಹುಡುಕಿ. ಪರದೆಯ ಮೇಲೆ ಕೊಂಡಿಯ ಬರಹ ಏನೇ ಇರಲಿ, ನಿಜವಾಗಿ ಒಯ್ಯುವ ಜಾಗ ಅದರ ಮುಂದೆ ಇರುತ್ತದೆ. ವಿಳಾಸವನ್ನು ಮೊದಲ ಒಂಟಿ ಓರೆಗೆರೆಯಿಂದ ಎಡಕ್ಕೆ ಓದಿ. ‘ನಿಮ್ಮಬ್ಯಾಂಕ್ ಡಾಟ್ ಕಾಂ ಡಾಟ್ ಇನ್ನೇನೋ ಡಾಟ್ ಎಕ್ಸ್‌ವೈಝಡ್’ ಎಂದಿದ್ದರೆ ಅದರ ಒಡೆಯ ‘ಇನ್ನೇನೋ’, ನಿಮ್ಮ ಬ್ಯಾಂಕ್ ಅಲ್ಲ. ಭಾರತದ ಬ್ಯಾಂಕುಗಳ ಜಾಲತಾಣಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಹೋಲಿಸಿ ನೋಡಲು ಇದು ಅನುಕೂಲ. ಹಾಗೆಯೇ ‘ಡಿಸ್‌ಪ್ಲೇ: ನನ್’, ‘ಫಾಂಟ್-ಸೈಜ್: 0’ ಹುಡುಕಿ. ಕಣ್ಣಿಗೆ ಕಾಣದಂತೆ ಅಡಗಿಸಿದ ಬರಹ ಅದು. ಸುದ್ದಿಪತ್ರಗಳೂ ಇನ್‌ಬಾಕ್ಸ್‌ನ ಮುನ್ನೋಟಕ್ಕಾಗಿ ಇದನ್ನು ಬಳಸುವುದರಿಂದ ಕಂಡೊಡನೆ ಮೋಸ ಎನ್ನುವಂತಿಲ್ಲ. ಅಗಲ-ಎತ್ತರ ತಲಾ 1 ಎಂದಿರುವ ಚಿತ್ರ ನೀವು ಮೇಲ್ ತೆರೆದಿರೆಂದು ಕಳಿಸಿದವರಿಗೆ ತಿಳಿಸುವ ಸಾಧನ.

ಜಿಮೇಲ್‌ನ ‘ಶೋ ಒರಿಜಿನಲ್’ ಪುಟದ ಮೇಲ್ಭಾಗದಲ್ಲಿ, ಕಳಿಸಿದವರ ಡೊಮೈನ್ (ವಿಳಾಸದಲ್ಲಿ @ ನಂತರದ ಹೆಸರು) ಅಸಲಿಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಫಲಿತಾಂಶ ಇರುತ್ತದೆ. ಮೂರೂ ‘ಪಾಸ್’ ಆದರೆ ಮೇಲ್ ಆ ಡೊಮೈನ್‌ನಿಂದಲೇ ಬಂದಿದೆ ಎಂದಷ್ಟೇ ಅರ್ಥ. ಮೋಸಗಾರ ತನ್ನದೇ ಡೊಮೈನ್ ಕೊಂಡು ಮೂರರಲ್ಲೂ ಪಾಸ್ ಆಗಬಲ್ಲ. ಆದ್ದರಿಂದ ಡೊಮೈನ್ ಯಾವುದು ಎಂದು ಓದಲೇಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಾಕ್ಷ್ಯಕ್ಕಾಗಿ ಇಎಂಎಲ್ ಕಡತ ಇಳಿಸಿಟ್ಟುಕೊಳ್ಳಿ. ಸಾಮಾನ್ಯ ‘ಫಾರ್ವರ್ಡ್’ ಮಾಡಿದರೆ ಮೂಲ ತಲೆಬರಹ ಕಳೆದುಹೋಗುತ್ತದೆ, ‘ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್’ ಮಾಡಿದರೆ ಉಳಿಯುತ್ತದೆ.

ಪ್ರಶ್ನೆ: ನಮ್ಮ ಕನ್ನಡ ಕೂಟದ ಸುದ್ದಿಪತ್ರವನ್ನು ವರ್ಡ್‌ನಿಂದ ಅಂಟಿಸಿ ಕಳಿಸುತ್ತೇವೆ. ಜಿಮೇಲ್‌ನಲ್ಲಿ ಓದುವವರಿಗೆ ಅರ್ಧಕ್ಕೇ ತುಂಡಾಗುತ್ತದೆ. ಚಿತ್ರಗಳೂ ಹೆಚ್ಚಿಲ್ಲ. (ಡಲ್ಲಾಸ್, ಅಮೆರಿಕ)

ಲಗತ್ತಿಸಿದ ಚಿತ್ರಗಳು ಇಲ್ಲಿ ಕಾರಣವಲ್ಲ. ಎಚ್‌ಟಿಎಂಎಲ್ ಸಂಕೇತವೇ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಉಳಿದದ್ದನ್ನು ಮಡಚಿ ‘ವ್ಯೂ ಎಂಟೈರ್ ಮೆಸೇಜ್’ ಕೊಂಡಿ ಇಡುತ್ತದೆ. ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ಆದ್ದರಿಂದ ಇಂಗ್ಲಿಷ್ ಸುದ್ದಿಪತ್ರಕ್ಕಿಂತ ಬೇಗ ತುಂಬುತ್ತದೆ. ಅದರ ಮೇಲೆ ವರ್ಡ್ ಪ್ರತಿ ಪದಗುಚ್ಛಕ್ಕೂ ಫಾಂಟ್, ಭಾಷೆ, ಗಾತ್ರಗಳ ‘ಸ್ಪ್ಯಾನ್’ ಸುತ್ತಿ ಬರಹದ ಹಲವು ಪಟ್ಟು ಸಂಕೇತ ಸೇರಿಸುತ್ತದೆ. ನಿಮಗೇ ಒಂದು ಪ್ರತಿ ಕಳಿಸಿಕೊಂಡು ಒಳಬರಹ ನೋಡಿ, ‘ಎಂಎಸ್‌ಒ’ ಎಂದು ಹುಡುಕಿದರೆ ಎಷ್ಟಿದೆ ಎಂದು ತಿಳಿಯುತ್ತದೆ.

ವರ್ಡ್‌ನಿಂದ ನಕಲಿಸಿ, ಅಂಟಿಸುವಾಗ ಕಂಟ್ರೋಲ್ + ಶಿಫ್ಟ್ + ವಿ ಒತ್ತಿ. ಬರಹ ಮಾತ್ರ ಬರುತ್ತದೆ. ಈಗಾಗಲೇ ಅಂಟಿಸಿದ್ದನ್ನು ಜಿಮೇಲ್‌ನಲ್ಲಿ ಆರಿಸಿ ಕಂಟ್ರೋಲ್ + ಹಿಂಬಾಗಿದ ಗೆರೆ ಒತ್ತಿದರೆ ಅಲಂಕಾರ ಕಳಚುತ್ತದೆ. ಶೀರ್ಷಿಕೆ, ದಪ್ಪಕ್ಷರಗಳನ್ನು ಆಮೇಲೆ ಕೈಯಾರೆ ಹಾಕಿ. ಥಂಡರ್‌ಬರ್ಡ್‌ನಲ್ಲಿ ಬರೆಯುವುದಾದರೆ ಭಾಗವನ್ನು ಆರಿಸಿ ‘ಇನ್ಸರ್ಟ್’, ‘ಎಚ್‌ಟಿಎಂಎಲ್’ ಒತ್ತಿ. ಅದರ ಸಂಕೇತ ಪುಟ್ಟ ಕಿಟಕಿಯಲ್ಲಿ ತೆರೆಯುತ್ತದೆ, ಅಲ್ಲೇ ತಿದ್ದಬಹುದು. ಫಾಂಟ್ ಹೆಸರು ಹಾಕಲೇಬೇಕೆಂದಿದ್ದರೆ ಇಡೀ ಪತ್ರಕ್ಕೆ ಒಮ್ಮೆ ಹಾಕಿ, ಕೊನೆಗೆ ‘ಸ್ಯಾನ್ಸ್-ಸೆರಿಫ್’ ಸೇರಿಸಿ. ವಿಂಡೋಸ್‌ನ ‘ತುಂಗಾ’ ಆಗಲಿ ‘ನಿರ್ಮಲಾ’ ಆಗಲಿ ಎಲ್ಲರ ಫೋನಿನಲ್ಲಿ ಇರುವುದಿಲ್ಲ, ಆ ಕೊನೆಯ ಪದವಿದ್ದರೆ ಫೋನ್ ತನ್ನಲ್ಲಿರುವ ಕನ್ನಡ ಫಾಂಟ್ ಎತ್ತಿಕೊಳ್ಳುತ್ತದೆ.